ಹನ್ನೆರಡು ಸಾಲು

ಹನ್ನೆರಡೇ ಸಾಲು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.
ಮೂವತ್ತೊಂದು ವರ್ಷದಿಂದ ಹೈಫಾದ ಈ ರಬ್ಬಿಗಳ ನ್ಯಾಯಾಲಯದಲ್ಲಿ
ಬಾತಿನ ಗರಿ ಅದ್ದಿ ಬಿಡುಗಡೆ ಬರೆಯುತ್ತೇನೆ.
ಅಕ್ಷರ ಅಕ್ಷರಕ್ಕೆ ತಾಗಿತೋ, ಹಾಳೆ ಹರಿದು ಮೊದಲಿನಿಂದ.
ಮದುವೆಯಲ್ಲಿ ತಾಗಬೇಕಾದ್ದು ಇಲ್ಲಿ ತಾಗಕೂಡದು:
ಇದು ನನ್ನ ಹಳೆಯ ನಗೆಮಾತು. ಈಗ ಯಾರೂ ನಗುವುದಿಲ್ಲ.

ಇವತ್ತು ಬಂದವರು ದೇವರನ್ನು ನಂಬದವರು.
ನಿಮ್ರೋದ್, ಬಂದರಿನಲ್ಲಿ ಕ್ರೇನು ನಡೆಸುವವನು.
ಸ್ಮದರ್, ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವವಳು.
ಸೈಪ್ರಸ್ಸಿಗೆ ಹೋಗಿ, ಲಾರ್ನಕಾದ ನಗರಸಭೆಯಲ್ಲಿ,
ಗುಮಾಸ್ತೆಯೊಬ್ಬಳ ಮುಂದೆ ಹತ್ತು ನಿಮಿಷದ ಮದುವೆ.
"ನಮ್ಮಿಬ್ಬರ ಮಾತಿಗೆ ಮೂರನೆಯವನೇಕೆ?"
ಅವನು ಮೊಗಸಾಲೆಯಲ್ಲಿ ಅಂದದ್ದು ನನಗೂ ಕೇಳಿಸಿತು.
ದೇವರನ್ನು ಕರೆಯದೆ ಕೂಡಿದವರೂ
ಅವನಿಗೆ ಹೇಳದೆ ಅಗಲುವ ಹಾಗಿಲ್ಲ, ಈ ದೇಶದಲ್ಲಿ.
ಗಂಟು ಹಾಕಿದವನೇ ಬಿಚ್ಚಬೇಕು ಅನ್ನುತ್ತಿದ್ದೆ ನಾನು.
ಇಲ್ಲಿ ಹಾಕಿದವರೇ ಬೇರೆ.

ಹಾಳೆ, ಶಾಯಿ, ಗರಿ, ಮೂರನ್ನೂ ಅವನ ಕೈಗಿತ್ತೆ:
ತಗೋ, ಇವು ನಿನ್ನವು, ಎತ್ತಿ ಹಿಡಿ.
ಈಗ ನನಗೆ ಕೊಡು. ನನ್ನ ಪರವಾಗಿ ಬರೆ ಅನ್ನು.
"ಯಾರ ಒತ್ತಾಯವೂ ಇಲ್ಲದೆಯೋ?" ಹಿರಿಯ ರಬ್ಬಿ ಕೇಳಿದರು.
"ಇಲ್ಲಿಗೆ ಬಂದದ್ದೊಂದು ಬಿಟ್ಟು" ಅಂದ.
ಮತ್ತೆ ಮೊದಲಿನಿಂದ ಕೇಳಬೇಕಾಯಿತು.

ಆಮೇಲೆ ಹೆಸರು.
ಊರಿಗೆ ಗುರುತು ಬರೆದೆ: ಕಡಲ ದಂಡೆಯಲ್ಲಿ, ಒರತೆಗಳ ಮೇಲೆ ಕೂತ ಊರು.
ಊರಿನದು ಸುಲಭ. ಹೆಂಗಸಿಗೆ ಹತ್ತು ಹೆಸರು.
ಬೇರೆ ಯಾವುದರಿಂದಲಾದರೂ ಕರೆಯುತ್ತಾರೋ ಇವಳನ್ನು?
ಅಮ್ಮ ಸ್ಮದಿ ಅನ್ನುತ್ತಿದ್ದಳು, ಅವಳಿಲ್ಲ.
ಶಾಲೆಯ ಮಕ್ಕಳು ಕೆನ್ನೆಗೆ ಎರಡು ಬೆರಳು ತಾಗಿಸುತ್ತಾರೆ.
ಅದಕ್ಕೆ ಅಕ್ಷರವಿಲ್ಲ, ಬಿಡಿ ಅಂದರು.
ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು.
"ಮೆಣಸು" ಅಂದ ನಿಮ್ರೋದ್, ನೆಲ ನೋಡುತ್ತ.
"ನಾನು. ಮೆಣಸು ಅಂತ."
ಈಗಲೂ ಕರೆಯುತ್ತೀಯೋ?
ಉತ್ತರ ಅವಳೇ ಕೊಟ್ಟಳು: "ಇಲ್ಲ. ಮೂರು ವರ್ಷವಾಯಿತು."
ಬಳಕೆ ತಪ್ಪಿದ ಹೆಸರು ಪತ್ರಕ್ಕೆ ಬೇಕಿಲ್ಲ. ತೀರ್ಪಾಯಿತು.

ಬರೆದೆ. ಒಣಗಲು ಬಿಟ್ಟೆ. ಸಾಕ್ಷಿಗಳಿಬ್ಬರು ರುಜು ಹಾಕಿದರು.
ಉಂಗುರ ತೆಗೆ. ಬೊಗಸೆ ಒಡ್ಡು.
ಹಿಡಿಯಲು ಹೋಗಬೇಡ, ತಾನಾಗಿ ಬೀಳಲಿ.
ದಿನವೆಲ್ಲ ಮಾತಾಡುವ ಆ ಎರಡು ಕೈ
ಬಾಯಿ ತೆರೆದು ಸುಮ್ಮನೆ ನಿಂತವು.
ಇನ್ನು ನೀನು ಯಾರಿಗಾದರೂ ಸಲ್ಲಬಹುದು,
ಹೇಳಲೇಬೇಕಾದ ಮಾತು. ನಂಬದವನ ಗಂಟಲು ಅಲ್ಲಿ ಕಟ್ಟಿತು.
ಒಡೆಯುವ ಸರಕನ್ನು ಹಡಗಿನಿಂದ ಇಳಿಸುವ ಹಾಗೆ
ಇಳಿಸಿದ.
ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಹೋದಳು, ಬಂದಳು.
ಮುಗಿಯಿತು.

ಮುಗಿಯಿತೇ?
ಸ್ಮದರಳಿಗೆ ಬರೆದಿದ್ದೇನೆ, ಮೆಣಸಿಗೆ ಬರೆದಿಲ್ಲ.
ಅವಳಿನ್ನೂ ಅವನ ಹೆಂಡತಿ, ನನ್ನ ಲೆಕ್ಕದಲ್ಲಿ.
ಬಸ್ಸಿನಲ್ಲಿ ಹೀಗೆ ಯೋಚಿಸಿದೆ. ಪಾಪವೋ ಏನೋ.

ಮನೆಯಲ್ಲಿ ನನ್ನವಳು ಮೀನು ಹುರಿಯುತ್ತಿದ್ದಳು.
ನಲವತ್ತು ವರ್ಷ "ಇವಳೇ" ಅಂತಲೇ ಕರೆದಿದ್ದೇನೆ.
ಹೆಸರು ಹಿಡಿದದ್ದು ಎರಡು ಸಲ, ಆಸ್ಪತ್ರೆಯ ಕೌಂಟರಿನಲ್ಲಿ.
ಕೋಟು ತೂಗುಹಾಕುವಾಗ ಅವಳ ಚೀಲದಿಂದ ಇಣುಕಿತು,
ಎಲ್ಲ ಮಂಗಳವಾರದ ಹಾಗೆ, ತೆಲ್ ಅವೀವಿನ ರೈಲು ಚೀಟಿ.
ಅಲ್ಲಿ ನಮ್ಮ ಯಿಸ್ಕಾ, ಒಬ್ಬನ ಜೊತೆ, ಮದುವೆಯಿಲ್ಲದೆ.
ಗಂಟೂ ಇಲ್ಲ, ಬಿಚ್ಚುವವನ ಕೂಲಿಯೂ ಇಲ್ಲ.
ಒಂದು ಮಗುವಿದೆ.
ಚೀಟಿಯನ್ನು ನಾನು ಯಾವತ್ತೂ ಕಂಡಿಲ್ಲ, ಹಾಗೆ ಇರುತ್ತೇನೆ.

"ಇವತ್ತು ಎಷ್ಟು?" ತಿರುಗದೆಯೇ ಕೇಳಿದಳು.
"ಮುಕ್ಕಾಲು" ಅಂದೆ.
ಅರ್ಥ ಕೇಳಲಿಲ್ಲ. ಎಣ್ಣೆ ಸಿಡಿಯಿತು.
ನಲ್ಲಿಯಡಿ ಬೆರಳಿನ ಶಾಯಿ ಉಜ್ಜುತ್ತ
"ಮಗುವಿಗೆ ಏನು ಹೆಸರಿಟ್ಟಿದ್ದಾರೆ?" ಅಂದುಬಿಟ್ಟೆ.

ಒಲೆ ಆರಿಸಿದಳು.
ಹೇಳಿದಳು, ಒಂದೊಂದೇ ಅಕ್ಷರ ಬಿಡಿಸಿ,
ಬರೆದುಕೊಳ್ಳುವವನಿಗೆ ಹೇಳುವ ಹಾಗೆ.
ಬರೆದುಕೊಳ್ಳಲಿಲ್ಲ.
ಬಾಯಲ್ಲಿ ಇಟ್ಟುಕೊಂಡೆ.